ಬೆಳಿಗ್ಗೆ ಬರಬೇಕಿದ್ದ ಬೂಟುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ನೆಲ ಒರೆಸುವಾತ ಬಕೆಟ್ಟನ್ನು ಕಾಲಲ್ಲೇ ತಳ್ಳಿಕೊಂಡು ಹೋಗುತ್ತಿದ್ದಾನೆ. ಕಂಪ್ಯೂಟರುಗಳ ಸಾಲೆಲ್ಲ ಕತ್ತಲು. ಕಿಟಕಿ ಪಕ್ಕದ ಕೊನೆಯ ಮೇಜಿನಲ್ಲಿ ಮಾತ್ರ ಒಂದು ಪರದೆ ಉರಿಯುತ್ತಿದೆ. ಅದರ ಮುಂದೆ ಕೂತ ಹೆಂಗಸು, ನಾನು ಬಂದಾಗಿನಿಂದಲೂ, ಒಂದು ಕನ್ನಡಕವನ್ನು ಎಲ್ಲಿಡುವುದು ಎಂದು ಒದ್ದಾಡುತ್ತಿದ್ದಾರೆ. ಕನ್ನಡಕ ನಿಜದ್ದಲ್ಲ, ಪರದೆಯೊಳಗಿನ ಒಬ್ಬ ಡಾಕ್ಟರದ್ದು. ಆ ಡಾಕ್ಟರು ವಿಡಿಯೋ ಆಟದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಅವನ ಕೋಣೆ ಮಾತ್ರ ಕಾಣುತ್ತದೆ.

"ಪುಸ್ತಕದ ಮೇಲಿಟ್ರೆ, ಈಗ ಬರ್ತೀನಿ ಅಂತ ಎದ್ದು ಹೋದ ಹಾಗಾಗತ್ತೆ. ನೆಲದ ಮೇಲೆ ಬಿದ್ದಿದ್ರೆ ಯಾರೋ ಎಳ್ಕೊಂಡು ಹೋದ ಹಾಗೆ. ಅಯ್ಯೋ, ಅದು ತೀರಾ ಸಿನಿಮಾ ಆಯ್ತು," ಎನ್ನುತ್ತಾರೆ. ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಕಡ್ಡಿ ಮಡಿಸಿ, ಇನ್ನೊಂದು ಬಿಚ್ಚಿ ಇಡುತ್ತಾರೆ. ಕುರ್ಚಿಯನ್ನು ಸ್ವಲ್ಪ ಕಿಟಕಿ ಕಡೆ ತಿರುಗಿಸುತ್ತಾರೆ. ಈಗ ಡಾಕ್ಟರು ಯಾರಿಗೋ ಕಾದು ಕಾದು ಕಣ್ಣುಜ್ಜಿಕೊಂಡಿದ್ದಾನೆ. ಒಂದಕ್ಷರ ಬರೆಯದೆ ಇಷ್ಟು ಹೇಳಿಯಾಯಿತು. ಹೊಟ್ಟೆಪಾಡಿಗೆ ಪತ್ರಿಕೆಯಲ್ಲಿ ಅಕ್ಷರ ಗೀಚುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಇದನ್ನು ಯಾರು ಗಮನಿಸುತ್ತಾರೆ ಎಂದು ಕೇಳಿದೆ.

"ಯಾರೂ ಇಲ್ಲ. ಮುಕ್ಕಾಲುವಾಸಿ ಜನ ಈ ಕೋಣೇಲಿ ಓಡ್ತಾನೇ ಇರ್ತಾರೆ. ಡ್ರಾಯರ್ ಎಳೀತಾರೆ, ಗುಂಡು ಸಿಕ್ತಾ ನೋಡ್ತಾರೆ, ಹೊರಡ್ತಾರೆ," ಎಂದು ನಗುತ್ತಾರೆ. ಆ ನಗುವಿನಲ್ಲಿ ಬೇಸರವೇನೂ ಇಲ್ಲ.

ಆಫೀಸಿನಲ್ಲಿ ಇವರ ಹೆಸರು ಸಾಮಾನಕ್ಕ. ವಿಡಿಯೋ ಗೇಮಿನ ಮನೆ, ಅಂಗಡಿ, ಆಸ್ಪತ್ರೆಗಳಿಗೆ ಸಾಮಾನು ಜೋಡಿಸುವುದು ಕೆಲಸ. ಗೋಡೆ ಕಟ್ಟುವವರು ಬೇರೆ, ಮನುಷ್ಯರನ್ನು ಓಡಾಡಿಸುವವರು ಬೇರೆ, ಕೋಡ್ ಬರೆಯುವವರು ಬೇರೆ. ಖಾಲಿ ಕೋಣೆ ಇವರ ಕೈಗೆ ಬರುತ್ತದೆ, ಯಾರೋ ಬದುಕಿದ ಕೋಣೆಯಾಗಿ ಹೋಗುತ್ತದೆ. ದಿನಕ್ಕೆ ಎರಡು ಕೋಣೆ ಮುಗಿದರೆ ಪುಣ್ಯ. ಗಡುವು ಹತ್ತಿರ ಬಂದಾಗ ಎಂಟು, ಹತ್ತು ಕೋಣೆ ಮುಗಿಸಿ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂರುವುದೂ ಉಂಟು. ಆಟ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳು ಉರುಳುತ್ತವಲ್ಲ, ಅಲ್ಲಿ ಇವರದು ಊಟ ತರಿಸಿಕೊಟ್ಟವರ ಹೆಸರಿಗಿಂತ ಸ್ವಲ್ಪ ಮೇಲೆ ಬರುತ್ತದೆ.

ಈ ಕೆಲಸಕ್ಕೂ ಮುಂಚೆ ಒಂದು ಪೀಠೋಪಕರಣದ ಅಂಗಡಿಯಲ್ಲಿದ್ದರು. ಗಿರಾಕಿಗಳಿಗೆ ತೋರಿಸಲು ಮಾದರಿ ಕೋಣೆ ಸಜ್ಜು ಮಾಡುತ್ತಿದ್ದರು. ಮಂಚ ನೀಟಾಗಿದ್ದರೆ ಜನ ಬರೀ ನೋಡಿ ಹೋಗುತ್ತಾರೆ, ಹೊದಿಕೆಯ ಒಂದು ಮೂಲೆ ಮಗುಚಿದ್ದರೆ ಬಂದು ಕೂರುತ್ತಾರೆ ಎಂಬುದನ್ನು ಅಲ್ಲಿ ಕಲಿತರು. ಮಾಲೀಕ ಮೂಲೆ ಸರಿಮಾಡಿ ಹೋಗುತ್ತಿದ್ದ, ಇವರು ಅವನ ಬೆನ್ನ ಹಿಂದೆ ಮತ್ತೆ ಮಗುಚುತ್ತಿದ್ದರು. "ಕೊನೇವರೆಗೂ ಅವರಿಗೆ ನಾನು ಹೇಳಲೇ ಇಲ್ಲ, ಯಾಕೆ ಹಾಗೆ ಮಾಡ್ತೀನಿ ಅಂತ. ನೋಡಿದ್ರೆ ಗೊತ್ತಾಗತ್ತಲ್ಲ?" ಎನ್ನುತ್ತಾರೆ. ಮಾಲೀಕನಿಗೆ ಗೊತ್ತಾಗಲಿಲ್ಲ. ಮಂಚ ನೀಟಾಗಿಡಲು ಬಾರದವಳು ಎಂದು ಕೆಲಸದಿಂದ ಬಿಡಿಸಿದ.

ನೋಡಿದರೆ ಗೊತ್ತಾಗತ್ತಲ್ಲ ಎನ್ನುವ ಈ ಮಾತನ್ನು ಇವರು ದಿನಕ್ಕೆ ನಾಲ್ಕು ಸಲವಾದರೂ ಆಡುತ್ತಾರೆ. ಮೊದಲ ದಿನ ನನಗೂ ಚೆಂದವೆನಿಸಿತ್ತು. ಆಮೇಲೆ ಅದೇ ಮಾತು ಒಂದು ಮನೆ ಮುರಿದ ಕಥೆ ಕೇಳಿದೆ.

ಸಾಮಾನಕ್ಕನಿಗೆ ಒಬ್ಬ ತಂಗಿ ಇದ್ದಾಳೆ. ಬೇರೆ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಆ ತಂಗಿ ಒಮ್ಮೆ ಮನೆಗೆ ಬರಬೇಕು, ಅಡುಗೆಮನೆಯಲ್ಲಿ ಕೂತು ಉಣ್ಣಬೇಕು. ಇವರಿಗಿರುವ ಆಸೆ ಅದೊಂದೇ. ಅದಕ್ಕಾಗಿ ಇವರು ಮಾಡಿದ ಪ್ರಯತ್ನ ಇದೆಯಲ್ಲ, ಅಂಥದ್ದನ್ನು ಈ ಕಸುಬಿನವರಲ್ಲದೆ ಬೇರೆ ಯಾರೂ ಮಾಡಲಾರರು. ಅದು ಕೆಟ್ಟುಹೋದ ರೀತಿಯೂ ಹಾಗೇ.

ಚಿಕ್ಕವರಿದ್ದಾಗ ಮನೆಯಲ್ಲಿ ಆಟದ ಯಂತ್ರಕ್ಕೆ ಗುಂಡಿ ಒತ್ತಿ ಆಡುವ ಕಂಟ್ರೋಲರ್ ಒಂದೇ. ಅದು ಯಾವಾಗಲೂ ತಂಗಿಯ ಕೈಯಲ್ಲಿ. ಅಕ್ಕ ಹಿಂದೆ ಕೂತು, ಆ ಕೋಣೆಗೆ ಹೋಗು, ಆ ಪೆಟ್ಟಿಗೆ ತೆಗಿ, ಗೋಡೆ ಮೇಲಿನ ಫೋಟೋ ನೋಡು ಎನ್ನುತ್ತಿದ್ದಳು. ತಂಗಿಗೆ ಓಡಬೇಕು, ಅಕ್ಕನಿಗೆ ನಿಂತು ನೋಡಬೇಕು. ಜಗಳವಾಡಿಕೊಂಡೇ ಜೊತೆಯಾಗಿದ್ದರು.

ಅಮ್ಮ ಕಾಯಿಲೆ ಬಿದ್ದಾಗ ತಂಗಿ ದೂರದಲ್ಲಿದ್ದಳು, ಅಕ್ಕ ಹಾಸಿಗೆಯ ಪಕ್ಕದಲ್ಲಿ. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ ಸಂಜೆ ಅಕ್ಕ ಫೋನ್ ಮಾಡಿದರು. ಹೇಳಿದ್ದೇನು? "ಅಮ್ಮ ನಿನ್ನ ಹಸಿರು ಸ್ವೆಟರ್ ಎಲ್ಲಿ, ಎಲ್ಲಿ ಅಂತ ಕೇಳ್ತಾನೇ ಇದ್ದಾಳೆ ಕಣೇ." ಅಷ್ಟು ಹೇಳಿ ಇಟ್ಟರು. ತಂಗಿ ಏನು ಮಾಡಿದಳು ಗೊತ್ತೇ? ಸ್ವೆಟರ್ ಒಗೆದು, ಒಣಗಿಸಿ, ಪೊಟ್ಟಣ ಕಟ್ಟಿ ಕೊರಿಯರ್ ಮಾಡಿದಳು. ಅಮ್ಮನಿಗೆ ಚಳಿಯಾಗುತ್ತಿದೆ ಅಂದುಕೊಂಡಳು, ಪಾಪ. ಅಮ್ಮ ಹೋದ ಸುದ್ದಿ ಕೇಳಿ ಓಡಿಬಂದವಳು ಮರುದಿನ ಅದೇ ಮನೆಯ ಬಾಗಿಲಲ್ಲಿ ನಿಂತು, ಸಹಿ ಹಾಕಿ, ತನ್ನ ಪೊಟ್ಟಣವನ್ನು ತಾನೇ ತೆಗೆದುಕೊಂಡಳು.

"ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ಲು. ಹೇಳಿದ್ನಲ್ಲ ಅಂದೆ," ಎನ್ನುತ್ತಾರೆ ಸಾಮಾನಕ್ಕ. ಅವರ ಕೈ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡುತ್ತದೆ, ಮತ್ತೆ ಓರೆ ಮಾಡುತ್ತದೆ. "ಅಮ್ಮ ಹೋಗ್ತಾಳೆ ಅನ್ನೋ ಮಾತು ನನ್ನ ಬಾಯಿಂದ ಬಂದ್ರೆ ಅದು ನಿಜ ಆಗ್ಬಿಡತ್ತೆ ಅನ್ಸಿತ್ತು. ಹೇಳಿದ್ನಲ್ಲ ಅಂತ ಮೂರು ಸಲ ಅಂದೆ ಅವಳಿಗೆ. ಮೂರನೇ ಸಲ ಅಂದಾಗ ಅವಳು ಚೀಲ ತಗೊಂಡು ಹೊರಟ್ಲು."

ಮರುವರ್ಷ ಆಫೀಸಿನಲ್ಲಿ ಒಂದು ಸಣ್ಣ ಆಟ ಶುರುವಾಯಿತು. ಊರಾಚೆಯ ಸಣ್ಣ ರೈಲು ನಿಲ್ದಾಣ, ಅಲ್ಲೊಬ್ಬಳೇ ವಾಸವಾಗಿರುವ ಸಿಗ್ನಲ್‌ನವಳು. ಆಡುವವರು ಆ ಹೆಂಗಸಾಗಿ ರೈಲು ಬಿಡಬೇಕು, ದೀಪ ತೋರಿಸಬೇಕು, ಸಂಜೆ ಮನೆಗೆ ಬಂದು ಉಂಡು ಮಲಗಬೇಕು. ಹೊಡೆದಾಟ ಗುದ್ದಾಟ ಏನೂ ಇಲ್ಲ. ಅವಳ ಅಡುಗೆಮನೆ ಸಾಮಾನಕ್ಕನ ಪಾಲಿಗೆ ಬಂತು. ಅದನ್ನು ಅವರು ತಮ್ಮ ಬಾಲ್ಯದ ಅಡುಗೆಮನೆಯಾಗಿಯೇ ಕಟ್ಟಿದರು. ಅದರಲ್ಲೊಂದು ಆಯ್ಕೆಯನ್ನೂ ಇಟ್ಟರು.

ಆಯ್ಕೆ ಎಂದರೆ, ಕೊಲ್ಲಬೇಕೇ ಬಿಡಬೇಕೇ ಎಂದು ಪರದೆಯ ಮೇಲೆ ಎರಡು ಗುಂಡಿ ಬರುತ್ತವಲ್ಲ, ಹಾಗಲ್ಲ. ಅದನ್ನು ಕಂಡರೆ ಇವರಿಗೆ ಆಗದು. "ಅದು ಆಯ್ಕೆನಾ? ಪ್ರಶ್ನೆಪತ್ರಿಕೆ ಅದು. ಯಾರೂ ಕೇಳದೇ ಇದ್ದಾಗ ನೀವು ಏನ್ ಮಾಡ್ತೀರಿ, ಅದು ಆಯ್ಕೆ." ಕೊನೆಯ ಸಂಜೆ ಊಟದ ಹೊತ್ತಿಗೆ ಗೂಡಿನಲ್ಲಿ ಎರಡು ತಟ್ಟೆ ಇರುತ್ತವೆ. ಒಂದನ್ನು ತೆಗೆದುಕೊಂಡು ಉಂಡರೂ ಆಟ ಮುಂದೆ ಹೋಗುತ್ತದೆ. ಆದರೆ ಮೇಜಿನ ಆಚೆ ಬದಿಗೆ ಎರಡನೇ ತಟ್ಟೆಯನ್ನೂ ಇಟ್ಟರೆ, ಬೆಳಿಗ್ಗೆ ಏಳುವ ಹೊತ್ತಿಗೆ ಬಾಗಿಲ ಬಳಿ ಇನ್ನೊಂದು ಜೊತೆ ಬೂಟು ಇರಬೇಕು. ಒದ್ದೆ ಬೂಟು. ಒಲೆಯ ಮೇಲೆ ನೀರು ಆಗಲೇ ಕಾಯುತ್ತಿರಬೇಕು. ಬಂದದ್ದು ಯಾರು ಎಂದು ಆಟ ಹೇಳುವುದಿಲ್ಲ. ಅಲ್ಲಿಗೆ ಮುಗಿಯುತ್ತದೆ.

ಆಟ ಹೊರಬಂದ ದಿನ ತಂಗಿಗೆ ಫೋನ್ ಮಾಡಿದರು. ನನ್ನದು ತಪ್ಪಾಯ್ತು, ಬಾ ಅಂದರೇ? ಇಲ್ಲ. "ಆಟ ಬಂದಿದೆ, ಆಡು" ಅಂದರು. ಕೆಲವು ತಿಂಗಳು ಬಿಟ್ಟು ಆಡಿದೆಯಾ ಎಂದು ಕೇಳಿದರು. ಆಡಿದೆ, ಚೆನ್ನಾಗಿತ್ತು ಎಂದಳು ತಂಗಿ, ಅಂಗಡಿಯವನ ಹತ್ತಿರ ಮಾತಾಡುವ ದನಿಯಲ್ಲಿ. ತಟ್ಟೆ ಇಡಲಿಲ್ಲ ಅಂತಾಯಿತು, ಅವಳಿಗೆ ನಾನು ಬೇಡ ಅಂತಾಯಿತು ಎಂದುಕೊಂಡರು ಅಕ್ಕ. ಹಾಗೆ ಅಂದುಕೊಂಡೇ ವರ್ಷಗಳನ್ನು ಕಳೆದರು.

ನಾನೂ ಆ ಆಟ ಆಡಿದೆ. ವಿಡಿಯೋ ಗೇಮ್ ಎಂದರೆ ನನಗೆ ಗೊತ್ತಿದ್ದದ್ದು ಹಳೆಯ ಫೋನಿನಲ್ಲಿ ಹಾವು ತನ್ನ ಬಾಲ ತಾನೇ ಕಚ್ಚಿಕೊಂಡು ಸಾಯುವುದಷ್ಟೇ. ಕೂದಲು ಹಣ್ಣಾದ ಮೇಲೆ ಈ ಚಟ ಬೇರೆ ಎಂದು ಹೆಂಡತಿ ಮೂಗು ಮುರಿದಳು. ಕೊನೆಯ ಸಂಜೆ ನಾನು ಒಂದು ತಟ್ಟೆ ತೆಗೆದುಕೊಂಡು ಉಂಡು ಮಲಗಿದೆ. ಎರಡನೆಯದು ಕಣ್ಣಿಗೇ ಬೀಳಲಿಲ್ಲ. ನನ್ನಂಥವರೇ ಹೆಚ್ಚಂತೆ, ಅದೊಂದು ಸಮಾಧಾನ.

ತಪ್ಪು ಬಯಲಾದದ್ದು ಕಳೆದ ವರ್ಷ. ಆಟವನ್ನು ಫೋನಿನಲ್ಲೂ ಆಡುವ ಹಾಗೆ ಮಾಡುವ ಕೆಲಸ ನಡೆದಿತ್ತು. ತಪ್ಪು ಹುಡುಕುವ ಕೆಲಸಕ್ಕೆ ಹೊಸದಾಗಿ ಸೇರಿದ್ದವಳೊಬ್ಬಳು ಬಂದು, "ಅಕ್ಕಾ, ಆ ಎರಡನೇ ತಟ್ಟೆ ಸುಮ್ನೆ ಅಲಂಕಾರಕ್ಕಾ?" ಎಂದಳು.

"ಅಲಂಕಾರನಾ? ಬೆಳಿಗ್ಗೆ ಬೂಟು ಬರಲ್ವಾ?"

"ಯಾವ ಬೂಟು?"

ಸಾಮಾನಕ್ಕ ಅವಳನ್ನು ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದರು. ತಟ್ಟೆ, ರಾತ್ರಿ, ಬೆಳಿಗ್ಗೆ, ಬೂಟು. ಇತ್ತು! ಆ ಹುಡುಗಿ ತನ್ನ ಕಂಪ್ಯೂಟರಿನಲ್ಲಿ ತೋರಿಸಿದಳು. ತಟ್ಟೆ, ರಾತ್ರಿ, ಬೆಳಿಗ್ಗೆ, ಬರೀ ಬಾಗಿಲು. ಪಕ್ಕದವನದರಲ್ಲೂ ಇಲ್ಲ, ಅದರ ಪಕ್ಕದವನದರಲ್ಲೂ ಇಲ್ಲ. ಕೋಡ್ ಬರೆಯುವಾತ ಬಂದು ನೋಡಿ ತಲೆ ಕೆರೆದುಕೊಂಡ. ಆಮೇಲೆ ಏನೋ ನೆನಪಾಗಿ, "ಅಕ್ಕಾ, ನಿಮಗೆ ನಾನೊಂದು ಸ್ವಿಚ್ ಹಾಕ್ಕೊಟ್ಟಿದ್ದೆ ಅಲ್ವಾ?" ಎಂದ.

ಹಾಕಿಕೊಟ್ಟಿದ್ದ. ಬೆಳಗಿನ ದೃಶ್ಯದಲ್ಲಿ ಬೂಟನ್ನು ಎಲ್ಲಿ, ಹೇಗೆ ಇಡಬೇಕು ಎಂದು ನೋಡಲು ಪ್ರತಿ ಸಲವೂ ಊಟದಿಂದ ಆಡಿಕೊಂಡು ಬರುವುದು ರಗಳೆ. ಅದಕ್ಕೇ ತಟ್ಟೆ ಇಟ್ಟರೂ ಇಡದಿದ್ದರೂ ಬೂಟು ಕಾಣುವ ಹಾಗೆ, ಇವರ ಕಂಪ್ಯೂಟರಿಗೆ ಮಾತ್ರ, ಒಂದು ಸ್ವಿಚ್ ಬೇಕೆಂದು ಕೇಳಿದ್ದರು. ಜೋಡಣೆ ಮುಗಿದ ಮೇಲೆ ತಟ್ಟೆಗೂ ಬೂಟಿಗೂ ನಿಜವಾದ ಕೊಂಡಿ ಹಾಕು ಎಂದು ಆತನಿಗೆ ಹೇಳಬೇಕಿತ್ತು. ಸ್ವಿಚ್ ಆರಿಸುವುದನ್ನು ಮರೆತರು. ತಮ್ಮ ಪರದೆಯಲ್ಲಿ ಬೂಟು ಬರುತ್ತಲೇ ಇತ್ತಲ್ಲ, ಕೊಂಡಿ ಹಾಕಿಯಾಗಿದೆ ಎಂದುಕೊಂಡರು. ಅಕ್ಕ ಹೇಳಲಿ ಎಂದು ಆತನೂ ಕಾದ, ಆಮೇಲೆ ಮರೆತ.

"ಹೋಗಿ ಬಾತ್‌ರೂಮಲ್ಲಿ ನಿಂತ್ಕೊಂಡೆ," ಎನ್ನುತ್ತಾರೆ ಸಾಮಾನಕ್ಕ. "ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ? ಅವಳು ತಟ್ಟೆ ಇಡ್ಲಿಲ್ಲ ಅಂತ. ಇಟ್ಟಿದ್ರೆ? ಇಟ್ಟು, ಬೆಳಿಗ್ಗೆ ನೋಡಿ, ಏನೂ ಇಲ್ಲದೇ ಇದ್ರೆ?"

ಇದರಲ್ಲೊಂದು ತಮಾಷೆಯೂ ಇದೆ, ನಗು ಬರುವುದಿಲ್ಲ ಅಷ್ಟೇ. ಎರಡನೇ ತಟ್ಟೆ ಇಟ್ಟರೂ ಏನೂ ಆಗದು ಎಂಬುದನ್ನು ಆಡಿದ ಜನ ಯಾವಾಗಲೋ ಕಂಡುಕೊಂಡಿದ್ದರು. ಕಂಡುಕೊಂಡು, ಆಹಾ, ಎಂಥ ಧೈರ್ಯದ ಕಥೆ, ಕಾದರೂ ಯಾರೂ ಬರುವುದಿಲ್ಲ ಎಂಬ ಬದುಕಿನ ಸತ್ಯ ಎಂದು ಇಂಟರ್ನೆಟ್ಟಿನ ತುಂಬ ಬರೆದುಕೊಂಡಿದ್ದರು. ಹೀಗಾಗಿ ಕಂಪನಿಯ ಯಜಮಾನರು ಸರಿಪಡಿಸಲು ಒಪ್ಪಲಿಲ್ಲ. "ಜನ ಅದಕ್ಕೇ ಅಳ್ತಾರೆ. ಯಾಕೆ ಮುಟ್ಟೋದು?" ಎಂದರು. ಮೆಲ್ಲಗೆ ಮಾತಾಡುವ ಸಾಮಾನಕ್ಕ ಅವತ್ತು ಇಡೀ ಮಹಡಿಗೆ ಕೇಳುವ ಹಾಗೆ ಕಿರುಚಿದರಂತೆ. "ಅಳೋಕೆ ಮಾಡಿದ್ದಲ್ಲ ರೀ ಅದು, ಕರೆಯೋಕೆ ಮಾಡಿದ್ದು!" ಕೊನೆಗೆ ಯಜಮಾನರೇ ಸೋತರು. ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ ಎಂಬ ಒಂದು ಸಾಲಿನ ಜೊತೆ ಬೂಟುಗಳು ಆಟದೊಳಗೆ ಬಂದವು. ಈಗ ಯಾರು ಬೇಕಾದರೂ ತಟ್ಟೆ ಇಟ್ಟು ನೋಡಬಹುದು.

ತಂಗಿಗೆ ಹೇಳಿದಿರಾ ಎಂದು ಕೇಳಿದೆ.

"ಇಲ್ಲ. ಅವಳಾಗೇ ಆಡ್ಲಿ. ಇಂಥದ್ದಿದೆ ಅಂತ ನಾನೇ ಹೇಳಿದ್ರೆ, ಅವಳು ತನ್ನ ಮನಸ್ಸಿಂದ ಇಟ್ಟ ತಟ್ಟೆ ಆಗಲ್ಲ ಅದು."

ನನಗೆ ರೇಗಿತು. ನಾನು ಹೋಗಿ ನೋಡಿ ಬರಲೇ ಎಂದೆ. ಹೋಗಿ, ಆದರೆ ಬೂಟಿನ ವಿಷಯ ಎತ್ತಬೇಡಿ ಎಂದು ಮಾತು ತೆಗೆದುಕೊಂಡರು.

ತಂಗಿ ಸಿಕ್ಕಿದ್ದು ಈಜುಕೊಳದ ಅಂಚಿನಲ್ಲಿ, ಕೊರಳಲ್ಲಿ ಸೀಟಿ, ಕಾಲಲ್ಲಿ ರಬ್ಬರ್ ಚಪ್ಪಲಿ. "ಮೊಣಕಾಲಲ್ಲ ಕಣೋ, ಇಡೀ ಕಾಲು ಒದಿ!" ಎನ್ನುವ ಅವಳ ದನಿ ತಗಡಿನ ಚಾವಣಿಗೆ ಬಡಿದು ವಾಪಸ್ಸು ಬರುತ್ತದೆ. ಅಕ್ಕನ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಮೊದಲು ನಕ್ಕಳು. "ಅವಳ ಬಗ್ಗೆನಾ? ಅವಳು ನಿಮಗೆ ಏನಾದ್ರೂ ಹೇಳಿದ್ಲಾ, ಇಲ್ಲಾ ನೀವೇ ಊಹೆ ಮಾಡ್ಕೊಂಡ್ರಾ?"

ಮಕ್ಕಳನ್ನು ಬಟ್ಟೆ ಬದಲಿಸಲು ಕಳಿಸಿ ಬೆಂಚಿನ ಮೇಲೆ ಕೂತಳು. ಅಕ್ಕ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾರಂತೆ. "ಅಲ್ಲಿ ಮಳೆನಾ ಅಂತಾಳೆ. ಮಳೆ ಅಂತೀನಿ. ಇಡ್ಲಾ ಅಂತಾಳೆ. ಇಡು ಅಂತೀನಿ."

ಆಟದ ವಿಷಯ ನಾನು ಎತ್ತಲಿಲ್ಲ, ಅವಳೇ ಎತ್ತಿದಳು.

"ಆಡಿದೆ. ಬಾಗಿಲು ತೆಗೆದ ತಕ್ಷಣ ಗೊತ್ತಾಯ್ತು, ಅದು ನಮ್ಮನೆ ಅಡುಗೆಮನೆ. ಬೀರು ಬಾಗಿಲು ನಿಲ್ಲಲ್ಲ ಅಂತ ಅಪ್ಪ ಪೇಪರ್ ಮಡಚಿ ಸಿಕ್ಕಿಸ್ತಿದ್ರು, ಅದೂ ಇತ್ತು. ಅಲ್ಲೇ ಅತ್ತುಬಿಟ್ಟೆ ನಾನು. ತಟ್ಟೆ ಎರಡೂ ಇಟ್ಟೆ. ಎರಡು ತಟ್ಟೆ ಯಾಕಿದೆ ಅಂತ ನಂಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಏನೂ ಇಲ್ಲ. ನಾನೇ ಏನೋ ಮರೆತೆ ಅಂತ ಮತ್ತೆ ಮೊದಲಿಂದ ಆಡಿದೆ. ಕುರ್ಚಿ ಎಳೆದಿಟ್ಟೆ, ಬಾಗಿಲು ತೆಗೆದಿಟ್ಟೆ. ಏನೂ ಇಲ್ಲ. ಆಗ ಅರ್ಥ ಆಯ್ತು. ಹೊತ್ತು ಮೀರಿದ ಮೇಲೆ ನೀನು ಏನಿಟ್ಟರೂ ಇಷ್ಟೇ, ಅಮ್ಮ ವಾಪಸ್ ಬರ್ತಾಳಾ ಅಂತ ಕೇಳ್ತಿದ್ದಾಳೆ ಅಕ್ಕ. ಸರಿಯಾಗೇ ಕೇಳಿದ್ಲು. ಆಮೇಲೆ ನಾನು ಯಾವ ಆಟನೂ ಮುಟ್ಟಿಲ್ಲ."

ಅಯ್ಯೋ ದೇವರೇ ಎನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತು ನೆನಪಾಗಿ, ಅವಳು ಹೇಳಿದ್ದನ್ನು ಬರೆದುಕೊಳ್ಳತೊಡಗಿದೆ. ಇವತ್ತಿಗೂ ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ.

"ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆ ಪೆಟ್ಟು ಅಂತ ಅಮ್ಮ ಹೇಳ್ತಿದ್ಲು," ಎಂದಳು ತಂಗಿ, ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ನಾನು ಕೋಣ ರೀ. ಅಕ್ಕನಿಗೆ ಗೊತ್ತಿರ್ಲಿಲ್ವಾ? ಅಮ್ಮ ಸಾಯ್ತಿದ್ದಾಳೆ, ಬಾ ಅಂದಿದ್ರೆ ಆ ಸಂಜೆನೇ ಹೊರಡ್ತಿದ್ದೆ. ಸ್ವೆಟರ್ ಅಂದ್ಲು. ಸ್ವೆಟರ್ ಕಳಿಸ್ದೆ."

ವಾಪಸ್ಸು ಬಂದು ಸಾಮಾನಕ್ಕನಿಗೆ ಎಲ್ಲವನ್ನೂ ಒಪ್ಪಿಸಿದೆ. ಎರಡೂ ತಟ್ಟೆ ಇಟ್ಟಳಂತೆ ಎಂದಾಗ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮತ್ತೆ ಮೊದಲಿಂದ ಆಡಿದಳಂತೆ ಎಂದಾಗ ಅಳು ತಡೆಯಲಾಗಲಿಲ್ಲ. ಆಫೀಸಿನ ಜನ ತಿರುಗಿ ನೋಡಿದರು. ನೋಡಲಿ ಬಿಡಿ ಎಂದುಕೊಂಡೆ. ಅತ್ತು ಮುಗಿಸಿ ಮುಖ ತೊಳೆದು ಬಂದ ಮೇಲೆ ನಾನು ವರದಿಗಾರನ ಮರ್ಯಾದೆ ಬಿಟ್ಟು ಬೈದೇಬಿಟ್ಟೆ. "ಅಮ್ಮಾ, ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದು ಸಾಕು. ಅವರು ಆಟ ಆಡೋದನ್ನೇ ಬಿಟ್ಟಿದ್ದಾರೆ. ನಿಮ್ಮ ಬೂಟು ಅಲ್ಲೇ ಕೂತು ಒಣಗತ್ತೆ. ಬಾಯಿ ಬಿಟ್ಟು ಹೇಳಿ."

"ಫೋನಲ್ಲಿ ನಂಗಾಗಲ್ಲ. ಮಳೆನಾ ಅಂತಲೇ ಬಾಯಿಗೆ ಬರತ್ತೆ," ಎಂದರು. ಆಮೇಲೆ ನನ್ನ ಪೆನ್ನಿನ ಕಡೆ ನೋಡಿದರು. "ನಿಮ್ಮ ಪತ್ರಿಕೆ ಅವಳ ಊರಿಗೆ ಹೋಗತ್ತಾ?"

ಹೋಗುತ್ತದೆ ಎಂದೆ.

"ಹಾಗಾದ್ರೆ ಬರ್ಕೊಳ್ಳಿ. ಚಂದ ಮಾಡೋಕೆ ಹೋಗ್ಬೇಡಿ." ಕಣ್ಣು ಮುಚ್ಚಿ, ಒಂದೊಂದೇ ಮಾತು ತೂಕ ಮಾಡಿ ಹೇಳಿದರು. ನಾನು ಅಕ್ಷರವನ್ನೂ ಬದಲಿಸಿಲ್ಲ: "ಅಮ್ಮ ಸಾಯ್ತಾಳೆ, ಬಾ ಅಂತ ಅವತ್ತು ನಾನು ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಹೇಳಿದ್ನಲ್ಲ ಅಂತ ಸುಳ್ಳು ಹೇಳಿದೆ. ನೀನು ತಟ್ಟೆ ಇಟ್ಟಾಗ ಬೂಟು ಬರಬೇಕಿತ್ತು. ಬರದೇ ಇದ್ದದ್ದು ನನ್ನ ತಪ್ಪಿಂದ, ನಿಂದೇನೂ ಇಲ್ಲ. ಮನೆಗೆ ಬಾ."

ಇಂಥ ಲೇಖನಗಳ ಕೊನೆಗೆ ಒಂದು ವಿನಯದ ಮಾತು ಇರಬೇಕೆಂದು ನಮ್ಮ ಸಂಪಾದಕರು ಬಯಸುತ್ತಾರೆ. ಅದಕ್ಕೇ ಕೇಳಿದೆ, ಬರದಿದ್ದರೂ ಪರವಾಗಿಲ್ಲ, ಎಲ್ಲಿದ್ದರೂ ಚೆನ್ನಾಗಿರಲಿ ಅಂತ ಒಂದು ಸಾಲು ಸೇರಿಸಲೇ ಎಂದು.

ಸಾಮಾನಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಬೇಡ. ಪರವಾಗಿಲ್ಲ ಅನ್ನೋದು ಸುಳ್ಳು. ಅವಳು ಬರಬೇಕು."